ಗೋಬರ್ ಗ್ಯಾಸು ಬಂದ ಮಳೆಗಾಲ

ಹೋದ ತಿಂಗಳು ಕಡೂರಿನ ನಮ್ಮ ಮನೆಯ ತಾರಸಿಯ ಮೇಲೆ ಸೋಲಾರ್ ಪ್ಯಾನಲ್ ಕೂರಿಸಿದರು. ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ನಾನು ಹಳೇ ಪಾತ್ರೆಗಳನ್ನು ತುಂಬಿಟ್ಟಿದ್ದ ಜಾಗದಲ್ಲಿ, ಈಗ ಎರಡು ಬ್ಯಾಟರಿ ಕೂತಿವೆ. ಕರೆಂಟು ಹೋದರೂ ನಮ್ಮ ಮನೆಯ ಫ್ಯಾನು ತಿರುಗುತ್ತಲೇ ಇರುತ್ತದೆ, ಪಕ್ಕದ ಮನೆಯವರು ಹೊಟ್ಟೆ ಉರಿದುಕೊಳ್ಳುತ್ತಲೇ ಇರುತ್ತಾರೆ. ಕೆಲಸ ಮುಗಿಸಿದ ಫಿಟ್ಟರ್ ಹೊರಡುವ ಮುಂಚೆ ನನ್ನನ್ನು ಕರೆದು ಒಂದು ಬುದ್ಧಿಮಾತು ಹೇಳಿದ.

"ಅಮ್ಮಾ, ತಿಂಗ್ಳಿಗೆ ಒಂದ್ಸಲ ಬರೀ ನೀರ್ನಾಗೆ ಒರೆಸಿ ಸಾಕು. ಬೂದಿ ಗೀದಿ ಹಾಕಿ ಉಜ್ಜಕ್ಕೆ ಹೋಗ್ಬೇಡಿ. ಪಂಚನಹಳ್ಳೀಲಿ ಒಬ್ರು ಅಜ್ಜಿ ಪಾತ್ರೆ ಬೆಳಗಿದಂಗೆ ಬೆಳಗ್ಬಿಟ್ಟವ್ರೆ. ಗಾಜೆಲ್ಲ ಗೀರು."

ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದ ನಮ್ಮವರಿಗೆ ನಗು ತಡೆಯಲಾಗದೆ ಟೀ ಎಲ್ಲ ಅಂಗಿಯ ಮೇಲೆ ಚೆಲ್ಲಿತು. "ಬೂದಿ ವಿಷ್ಯ ಯಾರ್ಗೆ ಹೇಳ್ತಿದೀಯಪ್ಪಾ! ಅಜ್ಜಂಪುರದ ಕಡೆ ಹೋಗಿ ಬೂದಿ ಗಿರಿಜಮ್ಮ ಅಂದ್ರೆ ಇವಳ ಮನೆ ತೋರುಸ್ತಾರೆ" ಎಂದರು. ಪಾಪ, ಆ ಫಿಟ್ಟರಿಗೆ ಏನೂ ಅರ್ಥವಾಗಲಿಲ್ಲ. ನನಗೂ ಹೇಳುವಷ್ಟು ಪುರುಸೊತ್ತು ಅವನು ಕೊಡಲಿಲ್ಲ. ಅವನು ಹೋದ ಮೇಲೆ ತಾರಸಿಯಲ್ಲೇ ಸ್ವಲ್ಪ ಹೊತ್ತು ನಿಂತೆ. ಬಿಸಿಲಿಗೆ ಹೊಸ ಕಬ್ಬಿಣಕ್ಕೆ ಬಳಿದ ಬಣ್ಣದ ವಾಸನೆ ಎದ್ದಿತ್ತು. ಆ ವಾಸನೆಯನ್ನು ನಾನು ಹಿಂದೆ ಒಂದು ಸಲ, ಒಂದು ಮಳೆಗಾಲವಿಡೀ ಉಸಿರಾಡಿದ್ದೇನೆ.

ಅದು ಎಂಬತ್ತರ ದಶಕದ ಆರಂಭ. ನನಗೆ ಮದುವೆಯಾಗಿ ಮೂರನೇ ವರ್ಷ. ನಾನು ತರೀಕೆರೆ ಪೇಟೆಯಲ್ಲಿ ಬೆಳೆದವಳು. ಅಪ್ಪ ಬಟ್ಟೆ ಹೊಲಿಯುತ್ತಿದ್ದರು. ನಾನು ಪಿಯುಸಿ ಪಾಸು ಮಾಡಿದ್ದೆ. ನಮ್ಮ ತವರಿನಲ್ಲಿ ಸೀಮೆಎಣ್ಣೆ ಸ್ಟೋವ್ ಇತ್ತು, ಪಂಪ್ ಹೊಡೆದರೆ ಭರ್ರೆಂದು ಉರಿಯುತ್ತಿತ್ತು. ಕೊಟ್ಟಿದ್ದು ಮಾತ್ರ ಅಜ್ಜಂಪುರಕ್ಕೆ ಮೂರು ಮೈಲಿ ದೂರದ ಎರೆಹೊಲದ ಹಳ್ಳಿಗೆ. ಈರುಳ್ಳಿ, ಜೋಳ, ಮೆಣಸಿನಕಾಯಿ ಬೆಳೆಯುವ ಊರು. ಆ ಕಪ್ಪು ಮಣ್ಣಿನಲ್ಲಿ ಏನು ಬೇಕಾದರೂ ಬೆಳೆಯುತ್ತದೆ, ಸೌದೆಯೊಂದು ಬಿಟ್ಟು. ತೊಗರಿ ಕಡ್ಡಿ, ಹತ್ತಿ ಕಡ್ಡಿ, ಜಾಲಿ ಮುಳ್ಳು, ಬೆರಣಿ, ಇವೇ ನಮ್ಮ ಒಲೆಯ ಆಹಾರ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿತ್ತು. ಮಳೆ ಹಿಡಿದರೆ ಉರಿ ಕಮ್ಮಿ, ಹೊಗೆ ಜಾಸ್ತಿ.

ನಮ್ಮ ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಮೇಲೆ ಒಂದು ಬೆಳಕಿಂಡಿ ಇತ್ತು, ಅದರಿಂದ ಬೆಳಕು ಒಳಗೆ ಬರುವ ಮೊದಲೇ ಹೊಗೆ ಎದುರಾಗಿ ಅದನ್ನು ವಾಪಸು ಕಳಿಸುತ್ತಿತ್ತು. ನಮ್ಮ ಅತ್ತೆ ಹಾಲಮ್ಮ ಆ ಕತ್ತಲಲ್ಲಿ ಮೂವತ್ತೈದು ನಲವತ್ತು ವರ್ಷ ಊದುಗೊಳವೆ ಊದಿದವರು. ಎಲ್ಲಿ ಉಪ್ಪಿದೆ, ಎಲ್ಲಿ ಹುಣಸೆಹಣ್ಣಿದೆ ಎಂದು ಕೈಗೆ ಗೊತ್ತು, ಕಣ್ಣು ಬೇಕಿರಲಿಲ್ಲ. ಅದಕ್ಕೇ ಇರಬೇಕು, ಕಣ್ಣು ಹೋಗುತ್ತಿದ್ದುದು ಅವರಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ. ಒಂದು ದಿನ ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದ ಮೆಣಸಿನಕಾಯಿಯ ಮೇಲೆ ಸೀದಾ ನಡೆದುಕೊಂಡು ಹೋದಾಗಲೇ ನಾವು ಎಚ್ಚೆತ್ತಿದ್ದು.

ಆ ವರ್ಷ ಯುಗಾದಿ ಕಳೆದ ಮೇಲೆ ಕಡೂರಿನಲ್ಲಿ ಕಣ್ಣಿನ ಕ್ಯಾಂಪು ನಡೆಯಿತು. ಅತ್ತೆಯ ಬಲಗಣ್ಣಿನ ಪೊರೆ ತೆಗೆದರು. ದಪ್ಪ ಗಾಜಿನ ಕನ್ನಡಕ ಕೊಟ್ಟರು. ಡಾಕ್ಟರು ನನ್ನನ್ನು ಕರೆದು ಖಡಾಖಂಡಿತವಾಗಿ ಹೇಳಿದರು: "ಇವ್ರನ್ನ ಒಲೆ ಮುಂದೆ ಕೂರಿಸ್ಬೇಡಿ. ಹೊಗೆ ತಾಗಿ ತಾಗಿ ಕಣ್ಣು ಹುಣ್ಣಾದ್ರೆ ಮಾಡಿದ ಆಪರೇಷನ್ನೂ ದಂಡ. ಇನ್ನೊಂದು ಕಣ್ಣನ್ನೂ ಮಾಡಕ್ಕೆ ಆಗಲ್ಲ."

ನಾನು ತಲೆ ಆಡಿಸಿ ಬಂದೆ. ಅಡಿಗೆ ನಾನೇ ಮಾಡಿದರೆ ಆಯಿತು, ಅದರಲ್ಲೇನು ಎಂದುಕೊಂಡೆ. ಅದರಲ್ಲಿ ಇದ್ದದ್ದು ಮುದ್ದೆ.

ತರೀಕೆರೆಯಲ್ಲಿ ನಮ್ಮದು ಅನ್ನ ಚಪಾತಿಯ ಮನೆ. ಮುದ್ದೆ ತೊಳಸಲು ನಾನು ಕಲಿತಿರಲಿಲ್ಲ. ಎಸರು ಕುದಿಯುವಾಗ ಹಿಟ್ಟು ಹಾಕಿ, ಬೆಂದ ಮೇಲೆ ಮಡಕೆ ಅಲುಗದ ಹಾಗೆ ಅದಕ್ಕೆ ಕವೆಗೋಲು ಕೊಟ್ಟು ಕಾಲಲ್ಲಿ ಅದುಮಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವಬೇಕು. ನಾನು ತಿರುವಿದರೆ ಗಂಟು. ನಮ್ಮ ಮಾವ ಮರುಳಪ್ಪನವರು ಬೈಯುವ ಜನ ಅಲ್ಲ. ಸುಮ್ಮನೆ ಮುದ್ದೆ ಮುರಿದು, ಒಳಗಿನ ಬೇಯದ ಹಿಟ್ಟಿನ ಗಂಟನ್ನು ಎತ್ತಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದರು. ಬೈದಿದ್ದರೆ ವಾಸಿಯಿತ್ತು. ಎರಡು ವಾರ ಅದನ್ನು ನೋಡಿದ ಅತ್ತೆ ಮೂರನೇ ವಾರ ಕನ್ನಡಕವನ್ನು ಗೂಡಿನಲ್ಲಿಟ್ಟು, ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಕೂತೇಬಿಟ್ಟರು.

"ಅತ್ತೆ, ಡಾಕ್ಟ್ರು ಏನಂದ್ರು?"

"ಡಾಕ್ಟ್ರೇನು ಬಂದು ಮುದ್ದೆ ತೊಳಸ್ತಾನಾ? ಏಳೇ ಆಕಡೆ."

ಅವತ್ತು ಸಂಜೆ ಅವರ ಕಣ್ಣು ಕೆಂಡದ ಹಾಗೆ ಆಗಿತ್ತು. ನೀರು ಸೋರುತ್ತಿತ್ತು. ನನಗೆ ಅಳು ಬಂತು. ನನ್ನ ಮುದ್ದೆಯ ಗಂಟಿನಿಂದ ಒಂದು ಕಣ್ಣು ಹೋಗುತ್ತದಲ್ಲಾ! ಆಗಲೇ ನನಗೆ ಅಮೃತಾಪುರದ ಸೋದರಮಾವನ ಮನೆ ನೆನಪಾದದ್ದು. ಅವರ ಹಿತ್ತಲಲ್ಲಿ ಗೋಬರ್ ಗ್ಯಾಸಿತ್ತು. ಸಗಣಿ ಹಾಕಿದ ಬಾವಿ, ಅದರ ಮೇಲೆ ಕವುಚಿದ ಕಬ್ಬಿಣದ ಡ್ರಮ್ಮು, ಅಲ್ಲಿಂದ ಒಂದು ಕೊಳವೆ ಸೀದಾ ಅಡಿಗೆಮನೆಗೆ. ಕಡ್ಡಿ ಗೀರಿದರೆ ನೀಲಿ ಉರಿ. ಹೊಗೆ ಎಂಬುದು ಹೆಸರಿಗೂ ಇಲ್ಲ.

ಊಟಕ್ಕೆ ಕೂತಾಗ ಹೇಳಿದೆ. ಮಾವ ತುತ್ತು ಕೈಯಲ್ಲಿ ಹಿಡಿದೇ ನನ್ನನ್ನು ನೋಡಿದರು. ನಮ್ಮವರಿಗೆ ಹೊಸದೇನೇ ಆದರೂ ಖುಷಿ, "ಮಾಡ್ಸಣ" ಎಂದುಬಿಟ್ಟರು. ಎದುರು ನಿಂತವರು ಯಾರ ಕಣ್ಣಿಗಾಗಿ ಹೇಳಿದೆನೋ ಅವರೇ.

"ಸಗಣೀನಾಗೆ ಬೆಂದ ಅನ್ನನ ದೇವ್ರಿಗೆ ಎಡೆ ಇಡಾದಾ? ನಿಮ್ ತರೀಕೆರೇಲಿ ಹಂಗಾ?"

"ಅತ್ತೆ, ಈಗ ಬೆರಣಿ ಉರ್ಸಿ ಬೇಯಿಸ್ತಿಲ್ವಾ? ಅದೇನು ಗಂಧದ ಕಡ್ಡಿನಾ? ನೀವು ದಿನಾ ಹಣೆಗೆ ಹಚ್ಕೊಳೋ ವಿಭೂತಿ ಯಾವುದ್ರಲ್ಲಿ ಮಾಡ್ತಾರೆ?"

ಮಾವ ಫಕ್ಕನೆ ನಕ್ಕುಬಿಟ್ಟರು. ಅತ್ತೆ ನಗಲಿಲ್ಲ. ಆದರೆ ನನ್ನ ಮಾತು ಅಲ್ಲಿಗೆ ಗೆದ್ದಿತ್ತು. ಮರುದಿನವೇ ನಮ್ಮವರು ಸೈಕಲ್ ಹತ್ತಿ ಅಜ್ಜಂಪುರಕ್ಕೆ ಹೋಗಿ ಗ್ರಾಮಸೇವಕ ಶಿವಲಿಂಗಯ್ಯನವರನ್ನು ಕರೆದುಕೊಂಡು ಬಂದರು. ಆಗ ಬೀಜ, ಗೊಬ್ಬರ, ಸರ್ಕಾರದ ಹೊಸ ಹೊಸ ಸ್ಕೀಮು ಎಲ್ಲವೂ ಹಳ್ಳಿಗೆ ಬರುತ್ತಿದ್ದುದು ಗ್ರಾಮಸೇವಕರ ಸೈಕಲ್ಲಿನ ಮೇಲೆ. ಶಿವಲಿಂಗಯ್ಯ ಕೊಟ್ಟಿಗೆ ಸುತ್ತ ಓಡಾಡಿ, ಬಿಸಿಲು ಬೀಳುವ ದಿಕ್ಕು ನೋಡಿ, "ಇಲ್ಲೇ ಯಜಮಾನ್ರೇ" ಎಂದು ಚಪ್ಪಲಿ ಕಾಲಿನಿಂದ ಒಂದು ಗುಂಡು ಗೀಚಿದರು. ಅವರು ಗೀಚಿದ್ದು ನಮ್ಮ ತಿಪ್ಪೆಯ ನಡುನೆತ್ತಿಯ ಮೇಲೆ.

ಈ ತಿಪ್ಪೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ತಿಪ್ಪೆ ಎಂದರೆ ಕಸದ ಗುಂಡಿಯಲ್ಲ. ಸಗಣಿ, ಗಂಜಲದ ಮಣ್ಣು, ದನ ಬಿಟ್ಟ ಮೇವು, ಒಲೆಯ ಬೂದಿ ಎಲ್ಲ ವರ್ಷವಿಡೀ ಅಲ್ಲಿ ಬಿದ್ದು, ಕೊಳೆತು, ಬೇಸಿಗೆಯಲ್ಲಿ ಗೊಬ್ಬರವಾಗಿ ಹೊಲಕ್ಕೆ ಹೋಗಬೇಕು. ದೀಪಾವಳಿಯಲ್ಲಿ ತಿಪ್ಪೆಗೂ ಹೂವಿಟ್ಟು ದೀಪ ಹಚ್ಚುತ್ತಾರೆ. ಅತ್ತೆಯಂತೂ ಅದನ್ನು ತಿಪ್ಪಮ್ಮ ಎಂದೇ ಕರೆಯುತ್ತಿದ್ದರು. ನಸುಕಿನಲ್ಲಿ ಎದ್ದು, ಒಲೆಯ ಬೂದಿ ಬಾಚಿ ಮೊರಕ್ಕೆ ತುಂಬಿ ತಿಪ್ಪೆಗೆ ಸುರಿದು ಬಂದ ಮೇಲೇ ಅವರು ಮುಖ ತೊಳೆಯುತ್ತಿದ್ದುದು. ಮದುವೆಯಾಗಿ ಬಂದ ಮರುದಿನದಿಂದ ಹಾಗೆ.

"ತಿಪ್ಪಮ್ಮನ್ನ ಕದಲಿಸ್ತೀರಾ?" ಎಂದರು ಅತ್ತೆ.

"ಕದಲ್ಸಾದು ಎಲ್ಲಿಗೆ? ಹತ್ತು ಮಾರು ಆಚೆಗೆ. ತಿಪ್ಪೆ ಎಲ್ಲಿದ್ರೂ ತಿಪ್ಪೆನೇ ಕಣೇ" ಎಂದರು ಮಾವ.

ಮೇ ಕೊನೆಯ ರೋಹಿಣಿ ಮಳೆಗೆ ಮುಂಚೆ ಬಾವಿ ತೋಡಿದ್ದಾಯಿತು. ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಅದನ್ನು ನಂಬುವ ಹಾಗಿಲ್ಲ ಎಂದು ಶಿವಲಿಂಗಯ್ಯ ಇಟ್ಟಿಗೆಯ ಗೋಡೆಯನ್ನು ಗಟ್ಟಿಯಾಗಿ ಕಟ್ಟಿಸಿದರು. ಡ್ರಮ್ಮು ತರೀಕೆರೆಯ ವೆಲ್ಡಿಂಗ್ ಅಂಗಡಿಯಿಂದ ಗಾಡಿಯ ಮೇಲೆ ಬಂತು. ನಮ್ಮ ಎರಡು ಅಮೃತಮಹಲ್ ಎತ್ತುಗಳು ಬಲು ಕೋಪದವು. ಹಿಂದೆ ಏನೋ ಡಣ್ ಡಣ್ ಎನ್ನುತ್ತಿದೆ ಎಂದು ದಾರಿಯುದ್ದಕ್ಕೂ ಓಡಿಯೇ ಬಂದಿದ್ದವಂತೆ. ಗಾಡಿಯ ಹಿಂದೆ ನಮ್ಮವರೂ ಓಡಿ ಬಂದಿದ್ದರು. ಡ್ರಮ್ಮಿಗೆ ಹೊಸದಾಗಿ ಬಳಿದ ಕಪ್ಪು ಬಣ್ಣದ ವಾಸನೆ ಕೊಟ್ಟಿಗೆ, ಅಂಗಳ, ಅಡಿಗೆಮನೆ ಎಲ್ಲ ಹರಡಿತು. ಊರವರು ಬಂದು ಸುತ್ತು ಹಾಕಿ ನೋಡಿದರು. "ರಾಕ್ಷಸರ ಮನೆ ಗುಡಾಣ ಕವುಚಿ ಹಾಕಿದಂಗೈತೆ" ಎಂದು ಆಚೆ ಮನೆ ಗೌರಕ್ಕ ಮೂಗಿನ ಮೇಲೆ ಬೆರಳಿಟ್ಟಳು.

ಬಾವಿಯನ್ನು ಮೊದಲ ಸಲ ತುಂಬುವುದೇ ದೊಡ್ಡ ಕೆಲಸ. ನಮ್ಮ ಐದು ದನಗಳು ರಾತ್ರಿ ಹಗಲು ಮೇಯ್ದರೂ ಅದು ತುಂಬುವ ಲಕ್ಷಣ ಇರಲಿಲ್ಲ. ನಮ್ಮೂರಲ್ಲಿ ಈರುಳ್ಳಿ ಕೀಳುವಾಗ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಮಾವ ಅದನ್ನೇ ಸಗಣಿಗೆ ಹೇಳಿದರು: "ಒಂದೊಂದು ಮಂಕ್ರಿ ತಂದಾಕಿ. ಗೊಬ್ರ ಬಂದಾಗ ನಿಮ್ ಹೊಲಕ್ಕೇ ಮೊದ್ಲು ಗಾಡಿ ಹೊಡೀತೀನಿ." ಮೊದಲ ಮಂಕರಿ ಗೌರಕ್ಕನೇ ಹೊತ್ತು ತಂದಳು. ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಊರಿನ ಅರ್ಧ ಜನ ತಲೆಯ ಮೇಲೆ ಸಗಣಿ ಹೊತ್ತುಕೊಂಡು ನಮ್ಮ ಮನೆಗೆ. ನಾನು ಬಾವಿಗೆ ಸಗಣಿ ಇಳಿಸಲು ಕಟ್ಟಿದ ತೊಟ್ಟಿಯ ಮುಂದೆ ನಿಂತು ನೀರು ಬೆರೆಸಿ ಕಲಸುತ್ತಿದ್ದೆ. ಪಿಯುಸಿ ಓದಿದ ಕೈ ಮೊಣಕೈವರೆಗೆ ಸಗಣಿಯಾಗಿತ್ತು. ನನಗೆ ಅಷ್ಟು ಸಂತೋಷ ಆ ಮನೆಯಲ್ಲಿ ಅದುವರೆಗೆ ಆಗಿರಲಿಲ್ಲ, ನಿಜ ಹೇಳಬೇಕೆಂದರೆ.

ಆರಿದ್ರ ಮಳೆ ಜಿನುಗುತ್ತಿರುವಾಗ ಡ್ರಮ್ಮು ಮೊದಲ ಸಲ ಮೇಲೆದ್ದಿತು. ಎರಡು ಬೆರಳು, ಆಮೇಲೆ ಒಂದು ಗೇಣು. ಮಾವ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಹೋಗಿ ಅದರ ಪಕ್ಕ ನಿಂತು ಗೇಣು ಹಾಕಿ ನೋಡುವರು. ಮೊದಲು ಬಂದ ಗ್ಯಾಸು ಉರಿಯುವುದಿಲ್ಲ, ಹಾಗೇ ಬಿಟ್ಟುಬಿಡಿ ಎಂದು ಶಿವಲಿಂಗಯ್ಯ ಹೇಳಿದ್ದರು, ಬಿಟ್ಟೆವು. ಪುಷ್ಯ ಮಳೆಯ ಒಂದು ಮಧ್ಯಾಹ್ನ ಅವರೇ ಬಂದು ಒಲೆಯ ತಿರುಪು ತಿರುಗಿಸಿ ಕಡ್ಡಿ ಗೀರಿದರು. ಪುಸ್ ಎಂದು ನೀಲಿ ಉರಿ ಎದ್ದು ನಿಂತಿತು. ನಮ್ಮವರು ಶಿಳ್ಳೆ ಹೊಡೆದರು. ನಾನು ಹಾಲು ಕಾಯಿಸಿ ಎಲ್ಲರಿಗೂ ಕೊಟ್ಟೆ. ಅತ್ತೆ ಲೋಟ ಹಿಡಿದು ಎರಡು ಮೂರು ಸಲ ಮೂಸಿ ನೋಡಿ ಆಮೇಲೆ ಕುಡಿದರು.

"ಹಾಲೇನೋ ಕಾಯ್ತು. ಮುದ್ದೆ ಆಗದ ಒಲೆ ಒಲೆನಾ?" ಎಂದರು.

ಅವರು ಕೇಳಿದ್ದರಲ್ಲೂ ಅರ್ಥವಿತ್ತು. ಕಟ್ಟೆಯ ಮೇಲಿಟ್ಟ ಆ ತಗಡಿನ ಒಲೆಯ ಮೇಲೆ ಮಡಕೆಯಿಟ್ಟು ಕೋಲು ತಿರುವಿದರೆ ಒಲೆಯೂ ಮಡಕೆಯೂ ಸೇರಿ ಬುಗುರಿಯಾಡುತ್ತಿದ್ದವು. ಹೀಗಾಗಿ ಸಾರು, ಹಾಲು, ಕಾಫಿಗೆ ಗ್ಯಾಸು. ಮುದ್ದೆಗೆ ಹಳೆಯ ಒಲೆ, ಹಳೆಯ ಹೊಗೆ, ಅತ್ತೆಯ ಕೆಂಪು ಕಣ್ಣು. ಏನಾದರೂ ಉಪಾಯ ಮಾಡಬೇಕು ಎಂದು ನಾನು ಯೋಚಿಸುತ್ತಿರುವಾಗಲೇ, ಒಲೆ ಹೊತ್ತಿಸಿ ಹದಿನೈದು ಇಪ್ಪತ್ತು ದಿನ ಆಗಿರಬೇಕು, ಉರಿ ಸಣ್ಣಗಾಗತೊಡಗಿತು. ಮೊದಲು ಹೂವಿನಷ್ಟು, ಆಮೇಲೆ ಮೊಗ್ಗಿನಷ್ಟು. ಮಘೆ ಮಳೆ ಮುಗಿಯುವ ಹೊತ್ತಿಗೆ ಕಡ್ಡಿಪೆಟ್ಟಿಗೆ ಖಾಲಿಯಾದರೂ ಒಲೆ ಹೊತ್ತಲಿಲ್ಲ. ಡ್ರಮ್ಮು ತಳಕ್ಕೆ ಕೂತುಬಿಟ್ಟಿತು.

ನಾನು ಸೋಪಿನ ನೀರು ಹಚ್ಚಿ ಕೊಳವೆಯ ಒಂದೊಂದು ಜಾಯಿಂಟನ್ನೂ ನೋಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಕೊಳವೆಯೊಳಗಿನ ನೀರು ಬಸಿದೆ. ಸಗಣಿಯಲ್ಲಿ ಹುಲ್ಲುಕಡ್ಡಿ ಒಂದೂ ಇಲ್ಲದ ಹಾಗೆ ಆರಿಸಿ ಕಲಸಿದೆ. ಏನೂ ಆಗಲಿಲ್ಲ. ಊರಿನಲ್ಲಿ ಮಾತು ಎದ್ದಿತು. ಸಗಣಿ ಹೊತ್ತು ತಂದವರೇ, "ಮರುಳಪ್ನೋರ ಸೊಸೆ ಊರ್ ಸಗಣಿನೆಲ್ಲ ಬಾವಿಗಾಕಿ ಕೂತವ್ಳೆ" ಎಂದು ನಕ್ಕರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು, ಈಗ ಮೂರು ಹೊತ್ತೂ ಹಸಿ ಕಡ್ಡಿಯ ಹೊಗೆ, ಅದರ ಮುಂದೆ ಅತ್ತೆ. ಅವರ ಎಡಗಣ್ಣಿನ ಆಪರೇಷನ್ನು ಮುಂದಿನ ಕ್ಯಾಂಪಿನಲ್ಲಿ ಎಂದು ಬರೆದುಕೊಟ್ಟಿದ್ದರು. ಅದಕ್ಕೂ ಮೊದಲೇ ಬಲಗಣ್ಣು ಹೋಗುವ ಹಾಗಿತ್ತು.

ಒಂದು ದಿನ ಮಾವ ನಿಧಾನವಾಗಿ ಹೇಳಿದರು: "ದೀಪಾವಳಿವರ್ಗೂ ನೋಡಣ ಕಣಮ್ಮ. ಹತ್ತಿದ್ರೆ ಹತ್ತಲಿ. ಇಲ್ದಿದ್ರೆ ಡ್ರಮ್ಮೆತ್ತಿ ಬಾವಿನ ತಿಪ್ಪೆಗುಂಡಿ ಮಾಡ್ಕೊಳಣ. ನಿಮ್ಮತ್ತೆಗೂ ಸಮಾಧಾನ ಆಗ್ತದೆ."

ಶಿವಲಿಂಗಯ್ಯನವರಿಗೆ ಹೇಳಿಕಳಿಸಿದೆವು. ಅವರು ಬಂದದ್ದು ಹುಬ್ಬೆ ಮಳೆ ಬಿಡುವು ಕೊಟ್ಟ ಒಂದು ಹೊಳವಿನ ದಿನ, ಬೆಳಿಗ್ಗೆ ಒಂಬತ್ತರ ಸುಮಾರಿಗೆ. ನಾವೆಲ್ಲ ಬಾವಿಯ ಸುತ್ತ ನಿಂತೆವು. ಅವರು ಅಂಗಿಯ ತೋಳು ಮಡಚಿ, ಸಗಣಿ ಸುರಿಯುವ ತೊಟ್ಟಿಯ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿದರು. ಮತ್ತೆ ಉಜ್ಜಿದರು.

"ಇದ್ಯಾರು ಬೂದಿ ಹಾಕ್ತಿರಾದು?"

ಬೆರಳಿಗೆ ಅಂಟಿದ್ದನ್ನು ಮಾವನಿಗೆ ತೋರಿಸಿದರು.

"ಅಲ್ಲ ಯಜಮಾನ್ರೇ, ಇದು ಹಾಲು ಹೆಪ್ಪಾದಂಗೆ. ಒಳ್ಗೆ ಜೀವ ಇರ್ತಾವೆ, ಅವು ಸಗಣಿ ತಿಂದು ಗ್ಯಾಸು ಬಿಡ್ತಾವೆ. ಹೆಪ್ಪು ಹಾಕಿದ ಹಾಲಿಗೆ ದಿನಾ ಒಂದ್ ಮೊರ ಬೂದಿ ಹಾಕಿದ್ರೆ ಮೊಸರಾಗ್ತದಾ? ಜೀವಾನೇ ಸತ್ತೋಗವೆ."

ನಾನು ತೊಟ್ಟಿಯ ಅಂಚು ನೋಡಿದೆ. ಇಟ್ಟಿಗೆಯ ಮೇಲೆ ಮೊರ ಕುಟ್ಟಿದ ಕಡೆ ಬೂದಿಯ ಗುರುತು ತೆಳ್ಳಗೆ ಅಂಟಿತ್ತು. ಆಮೇಲೆ ಅತ್ತೆಯ ಮುಖ ನೋಡಿದೆ. ಅವರು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಹೊಸ ತಿಪ್ಪೆ ಹತ್ತು ಮಾರು ಆಚೆ ಇತ್ತು, ಆದರೆ ನಲವತ್ತು ವರ್ಷ ನಡೆದ ಕಾಲು ನಸುಕಿನಲ್ಲಿ ಹಳೆಯ ಜಾಗಕ್ಕೇ ಹೋಗಿದೆ. ಅಲ್ಲಿ ತೊಟ್ಟಿ ಇದೆ, ಸಗಣಿ ಇದೆ. ತಿಪ್ಪಮ್ಮ ಹೀಗೆ ರೂಪ ಬದಲಾಯಿಸಿದ್ದಾಳೆ, ಅವಳ ಪಾಲು ಅವಳಿಗೆ ಸಲ್ಲಬೇಕು ಎಂದುಕೊಂಡಿದ್ದಾರೆ. ಅವರಿಗೆ ಯಾರೂ ಬೇಡ ಎಂದಿರಲಿಲ್ಲ. ಸಗಣಿ, ನೀರು ಎಷ್ಟೆಷ್ಟು ಎಂದು ಶಿವಲಿಂಗಯ್ಯ ನನಗೆ ಹೇಳಿಕೊಟ್ಟರು, ನಮ್ಮವರಿಗೆ ಹೇಳಿಕೊಟ್ಟರು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರಿಗೆ ಹೇಳುವುದು ಒಬ್ಬರಿಗೂ ಹೊಳೆದಿರಲಿಲ್ಲ.

ಇಷ್ಟು ಯೋಚಿಸಲು ನನಗೆ ಹೊತ್ತು ಹಿಡಿಯಲಿಲ್ಲ. ಬಾಯಿ ತಾನೇ ಮಾತಾಡಿತು.

"ನಾನೇ ಹಾಕಿದ್ದು. ಗೊಬ್ಬರಕ್ಕೆ ಒಳ್ಳೇದು ಅಂತ ಹಾಕ್ದೆ. ತಿಳೀಲಿಲ್ಲ."

ಮಾವ ನನ್ನನ್ನು ಒಮ್ಮೆ ನೋಡಿದರು. "ಏನಮ್ಮಾ, ಪಿಯುಸಿ ಓದ್ದೋಳು ನೀನು" ಎಂದರು, ಅಷ್ಟೇ. ನಮ್ಮವರು ಮಾತ್ರ, ಹಿಂದೂ ಇಲ್ಲ ಮುಂದೂ ಇಲ್ಲ, ಅಲ್ಲೇ ನನಗೆ ಬೂದಿ ಗಿರಿಜಮ್ಮ ಎಂದು ನಾಮಕರಣ ಮಾಡಿ ನಕ್ಕರು. ಬೇಲಿಯಾಚೆ ನಿಂತಿದ್ದ ಗೌರಕ್ಕ ಅದನ್ನು ಊರಿಗೆಲ್ಲ ಮುಟ್ಟಿಸಿದಳು. ಅತ್ತೆ ಒಳಗೆ ಹೋದರು. ಅವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತೇ ಆಡಲಿಲ್ಲ. ಉಪಕಾರ ಮಾಡಿದವರ ಮೇಲೂ ಕೋಪ ಬರುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ, ತುಂಬ ಬೇಜಾರಾಯಿತು.

ಬಾವಿಗೆ ಮತ್ತೆ ಹೆಪ್ಪು ಹಾಕಬೇಕಾಯಿತು. ತಳದ ಬಗ್ಗಡ ಒಂದಷ್ಟು ಎತ್ತಿ ಹಾಕಿದೆವು. ನಮ್ಮವರು ಅಮೃತಾಪುರಕ್ಕೆ ಹೋಗಿ ಸೋದರಮಾವನ ಗ್ಯಾಸಿನ ಬಾವಿಯಿಂದ ಮೂರು ಡಬ್ಬ ರಾಡಿ ತುಂಬಿಸಿಕೊಂಡು, ತರೀಕೆರೆಗೆ ಬಂದು, ಅಲ್ಲಿ ಅಜ್ಜಂಪುರದ ಬಸ್ಸು ಹತ್ತಿದರು. ಕಂಡಕ್ಟರ್ ಡಬ್ಬದ ಮುಚ್ಚಳ ಮುಟ್ಟಿ, "ಏನ್ರೀ ಇದು?" ಎಂದನಂತೆ. ಇವರು ಗಂಭೀರವಾಗಿ, "ಹೆಪ್ಪು ಕಣ್ರೀ, ನಮ್ಮನೇಲಿ ಮೊಸ್ರು ಆಗ್ತಿಲ್ಲ" ಎಂದರಂತೆ. ಒಂದು ಡಬ್ಬದ ಮುಚ್ಚಳ ದಾರಿಯಲ್ಲಿ ಸಡಿಲವಾಗಿ ಹಿಂದಿನ ಸೀಟೆಲ್ಲ ಖಾಲಿಯಾಯಿತು. ಇವರೊಬ್ಬರೇ ಕಾಲು ಚಾಚಿಕೊಂಡು ಆರಾಮಾಗಿ ಊರು ಸೇರಿದರು.

ಆಮೇಲಿನ ದಿನಗಳಲ್ಲಿ ಎರಡು ಸಂಗತಿ ನಡೆದವು. ಒಂದು, ಅತ್ತೆ ಬೂದಿಯ ಮೊರ ಹಿಡಿದು ಹೊಸ ತಿಪ್ಪೆಗೆ ಹೋಗತೊಡಗಿದರು. ದಾರಿ ತಪ್ಪದಿರಲಿ ಎಂದು ಗ್ಯಾಸಿನ ತೊಟ್ಟಿಗೆ ಅಡ್ಡವಾಗಿ ತಾವೇ ಎರಡು ಜಾಲಿ ಮುಳ್ಳು ಎಳೆದು ಹಾಕಿದ್ದರು. ಇನ್ನೊಂದು, ನಾನು ಗ್ಯಾಸಿನ ಒಲೆಯನ್ನು ಕಟ್ಟೆಯಿಂದ ಇಳಿಸಿ ನೆಲದ ಮೇಲಿಡಿಸಿದೆ. ಕೊಳವೆಯನ್ನು ಉದ್ದ ಮಾಡಿಸಿ, ಒಲೆಯ ಮೂರು ಕಡೆ ಇಟ್ಟಿಗೆ ಕೂರಿಸಿ ಮಣ್ಣು ಮೆತ್ತಿ, ಅಲುಗಾಡದ ಹಾಗೆ ಮಾಡಿದೆ. ಒಲೆ ಹೊತ್ತುವುದೇ ಖಾತ್ರಿ ಇಲ್ಲದಿರುವಾಗ ಇದೆಲ್ಲ ಯಾಕೆ ಎಂದು ನಮ್ಮವರು ಕೇಳಿದರು. ನನಗೆ ಕೈ ಸುಮ್ಮನಿದ್ದರೆ ಆಗದು. ನಾನು ಮಣ್ಣು ಮೆತ್ತುವಾಗ ಅತ್ತೆ ಬಂದು ನಿಂತು ನೋಡಿದರು. "ಇನ್ನೊಂದ್ ಬೆರಳು ಎತ್ರ ಮಾಡು, ಕವೆಗೋಲು ಕೂರ್ಬೇಕಲ್ಲ" ಎಂದರು. ಎಷ್ಟೋ ದಿನದ ಮೇಲೆ ನನಗೆ ಹೇಳಿದ ಮೊದಲ ಪೂರಾ ಮಾತು ಅದು.

ಚಿತ್ತೆ ಮಳೆಯ ಹೊತ್ತಿಗೆ ಡ್ರಮ್ಮು ಒಂದು ಬೆರಳು ಎದ್ದಿತು. ಹೊಲದ ಅಂಚಿನಲ್ಲಿ ಹುಚ್ಚೆಳ್ಳು ಹಳದಿಯಾಗಿ ಅರಳಿತ್ತು, ಬಿಸಿಲು ಚೆನ್ನಾಗಿತ್ತು. ದೀಪಾವಳಿಗೆ ನೀರು ತುಂಬುವ ಸಂಜೆ ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿಯುತ್ತಾ ನಾನು ಡ್ರಮ್ಮಿನ ಕಡೆಗೇ ನೋಡುತ್ತಿದ್ದೆ. ಒಂದೂವರೆ ಗೇಣು ಎದ್ದಿತ್ತು. ಯಾರೂ ಒಲೆ ಹಚ್ಚಿ ನೋಡೋಣ ಎನ್ನಲಿಲ್ಲ. ಎಲ್ಲರಿಗೂ ಹೆದರಿಕೆ.

ಹಬ್ಬದ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು, ವಿಭೂತಿ ಧರಿಸಿ ಅತ್ತೆ ಅಡಿಗೆಮನೆಗೆ ಬಂದರು. ನಾನು ಹಳೆಯ ಒಲೆಗೆ ಕಡ್ಡಿ ಒಡ್ಡುತ್ತಿದ್ದೆ.

"ಅದನ್ ಬಿಡು. ಇದನ್ನ ಹಚ್ಚು" ಎಂದು ನೆಲದ ಮೇಲಿನ ಗ್ಯಾಸಿನ ಒಲೆ ತೋರಿಸಿದರು. "ಎಡೆ ಇದ್ರಲ್ಲೇ ಆಗ್ಲಿ."

ಎರಡು ಕಡ್ಡಿ ಮುರಿದವು. ಮೂರನೆಯದು ಹತ್ತಿತು. ಪುಸ್ ಎಂದಿತು. ನೀಲಿ ಉರಿ ಸುತ್ತಲೂ ಎದ್ದು, ಸ್ವಲ್ಪ ತೂಗಾಡಿ, ನೆಟ್ಟಗೆ ನಿಂತಿತು. ನಾನು ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ. ಅತ್ತೆ, "ಹಬ್ಬದ ದಿನ ಅಳ್ತಾರೇನೇ, ಕಡ್ಲೆಬೇಳೆ ತಗಂಬಾ" ಎಂದರು.

ಹೋಳಿಗೆಯಾಯಿತು, ಎಡೆಯಾಯಿತು. ಆದರೆ ಹಬ್ಬದ ದಿನವೂ ಮುದ್ದೆ ಇಲ್ಲದೆ ನಮ್ಮ ಮಾವನಿಗೆ ಊಟ ಇಳಿಯುತ್ತಿರಲಿಲ್ಲ. ಅತ್ತೆ ಎಸರಿಟ್ಟರು. ಹಿಟ್ಟು ಬೆಂದ ಮೇಲೆ ಕವೆಗೋಲು ಕೊಟ್ಟು ಕಾಲು ಅದುಮಿ, ಕೋಲನ್ನು ನನ್ನ ಕೈಗೆ ಕೊಟ್ಟು, ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು ತಿರುವಿಸಿದರು. ಒಲೆ ಒಂದಿಷ್ಟೂ ಅಲುಗಲಿಲ್ಲ. ಮಾವ ಊಟಕ್ಕೆ ಕೂತು ಮುದ್ದೆ ಮುರಿದರು. ಬಗ್ಗಿ ನೋಡಿದರು. ಗಂಟಿಲ್ಲ.

"ಪರ್ವಾಗಿಲ್ವೇ, ಬೂದಿ ಗಿರಿಜಮ್ಮ ಮುದ್ದೆನೂ ಮಾಡ್ತಾಳೆ" ಎಂದರು ನಮ್ಮವರು.

ಅತ್ತೆ ಸಾರು ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. "ಅವಳ್ನ ಹಂಗನ್ಬೇಡ ಕಣೋ. ಬೂದಿ ಹಾಕಿದ್ದು ನಾನು."

ನಮ್ಮವರು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು. ಮಾವ ಮಾತ್ರ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದರು.

"ಗೊತ್ತು ಕಣೇ. ನಲವತ್ತು ವರ್ಷದಿಂದ ನಿನ್ನ ಮೊರದ ಸದ್ದಿಗೇ ನಾನು ಏಳಾದು. ಆ ಸದ್ದು ಎಲ್ಲಿಂದ ಬತ್ತೈತೆ ಅಂತ ಗೊತ್ತಾಗಲ್ವಾ? ಅದು ಬೂದಿ ಹಾಕೋ ಜಾಗ ಅಲ್ಲ ಅಂತ ನಂಗೂ ತಿಳೀಲಿಲ್ಲ, ಅಷ್ಟೇ."

"ಗೊತ್ತಿದ್ದೂ ಆ ಹುಡುಗೀನ ಅಂದ್ರಲ್ಲ ಅವತ್ತು?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಹೇಳ್ದೆ. ಇನ್ನೊಂಚೂರು ಸಾರು ಹಾಕು."

ಅವತ್ತು ಸಂಜೆ ಅತ್ತೆ ಹುಚ್ಚೆಳ್ಳು ಹೂವು, ಚೆಂಡುಹೂವು ತಟ್ಟೆಯಲ್ಲಿಟ್ಟುಕೊಂಡು, ಹಣತೆ ಹಿಡಿದು ಹಿತ್ತಲಿಗೆ ಹೊರಟರು. ಡ್ರಮ್ಮಿನ ಹತ್ತಿರ ಬೆಂಕಿ ತರಬಾರದು ಎಂದು ಶಿವಲಿಂಗಯ್ಯ ಹೇಳಿದ್ದು ನೆನಪಾಗಿ ನಾನು ಹಿಂದೆಯೇ ಓಡಿದೆ. ಅವರು ಡ್ರಮ್ಮಿಗೆ ದೂರದಲ್ಲಿ ನಿಂತು ನನ್ನನ್ನೇ ಕಾಯುತ್ತಿದ್ದರು. ಡ್ರಮ್ಮಿಗೆ ಇಡುವ ಹೂವನ್ನು ನನ್ನ ಕೈಗೆ ಕೊಟ್ಟು, "ನೀನ್ ಇಟ್ ಬಾ, ನನ್ ಕೈಯಾಗೆ ದೀಪ ಐತೆ" ಎಂದರು. ಆಮೇಲೆ ನಾವಿಬ್ಬರೂ ಹೋಗಿ ಹೊಸ ತಿಪ್ಪೆಯ ಮೇಲೆ ಹಣತೆ ಇಟ್ಟು ಬಂದೆವು.

ಮುಂದಿನ ಕ್ಯಾಂಪಿನಲ್ಲಿ ಅವರ ಎಡಗಣ್ಣಿನದೂ ಆಯಿತು. ನನ್ನ ಹೆಸರು ಮಾತ್ರ ಹಾಗೇ ಉಳಿಯಿತು. ಅತ್ತೆ ಎಷ್ಟು ಜನಕ್ಕೆ ನಿಜ ಹೇಳಿದರೂ ಊರು ಒಪ್ಪಲಿಲ್ಲ. ಹೋಗಲಿ, ಅದರಿಂದ ನನಗೇನೂ ನಷ್ಟವಾಗಿಲ್ಲ. ನಾನು ಹೇಳಬೇಕೆಂದುಕೊಂಡಿದ್ದು ದೀಪಾವಳಿಯ ಮರುದಿನದ ಬೆಳಿಗ್ಗೆಯ ವಿಷಯ.

ಹಳೆಯ ಒಲೆ ಆರಿತ್ತು. ಬೆಳಕಿಂಡಿಯಿಂದ ಬಿಸಿಲು ಸೀದಾ ನೆಲದವರೆಗೆ ಇಳಿದಿತ್ತು. ಆ ಮನೆಯಲ್ಲಿ ಹಾಗೆ ಇಳಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನು ನೀಲಿ ಉರಿಯ ಮೇಲೆ ಕಾಫಿಗೆ ನೀರಿಟ್ಟು ಕೂತಿದ್ದೆ. ಅತ್ತೆ ಎದುರಿಗೆ ಕೂತರು, ಗೂಡಿನಿಂದ ಕನ್ನಡಕ ತೆಗೆದು ಹಾಕಿಕೊಂಡರು, ನನ್ನನ್ನೇ ನೋಡತೊಡಗಿದರು. ಹತ್ತಿರ ಬಂದು ನನ್ನ ಹುಬ್ಬಿನ ಮೇಲೆ ಬೆರಳಿಟ್ಟರು.

"ಇದೇನೇ, ಇಲ್ಲಿ ಗಾಯ? ಯಾವಾಗ್ ಆಯ್ತು?"

ಅದು ನಾನು ಆರು ವರ್ಷದವಳಿದ್ದಾಗ ಅಪ್ಪನ ಹೊಲಿಗೆ ಮೆಷೀನಿನ ಮೇಲೆ ಬಿದ್ದು ಆದ ಗುರುತು. ಹೆಣ್ಣು ನೋಡಲು ಬಂದ ದಿನವೂ ಅಲ್ಲೇ ಇತ್ತು. ಮೂರು ವರ್ಷದಿಂದ ಆ ಅಡಿಗೆಮನೆಯಲ್ಲಿ ದಿನಾ ಅವರ ಎದುರಿಗೇ ಕೂತಿತ್ತು.

"ಹಳೇದು ಅತ್ತೆ, ಚಿಕ್ಕೋಳಿದ್ದಾಗ ಆದದ್ದು" ಎಂದೆ.

"ನಾನು ನೋಡೇ ಇರ್ಲಿಲ್ಲ" ಎಂದರು ಅತ್ತೆ. ಕಾಫಿಯ ನೀರು ಕುದಿದು ಉಕ್ಕುತ್ತಿದ್ದರೂ ಬೆರಳು ತೆಗೆಯಲಿಲ್ಲ.